ಎಣ್ಣಿ ಇಲ್ದ ದೀಪ, ತಂತಿ ಬೇಕಾದ ಚಿತ್ರ

ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯಲ್ಲಿ ತಂತಿಯ ಮಾತೆತ್ತುವುದು ಕಷ್ಟ. ದೀಪನಾಥೇಶ್ವರ ಗುಡಿಯ ದೀಪಗಳು ಎಣ್ಣೆಯಿಲ್ಲದೆ ನಾಲ್ಕು ದಶಕ ಉರಿದವೆಂದು ನಂಬಿದ ಊರು ಅದು. 2025ರಲ್ಲಿ ಅವು ನಂದಿದಾಗ ಸುದ್ದಿ ಊರಾಚೆಗೂ ಹಬ್ಬಿತ್ತು. ಇಂಥಲ್ಲಿ ಕಟ್ಟೆಯ ಮೇಲಿನ ಕಾರ್ಯಕ್ರಮ ಮರದ ಬುಡದ ಪರದೆಯಲ್ಲಿ ಮೂಡಬೇಕಾದರೆ ಕೇಬಲ್ ಎಳೆಯಬೇಕು ಅಂದರೆ ಹಿರಿಯರು ಕನಿಕರದಿಂದ ನೋಡುತ್ತಾರೆ. “ಎಣ್ಣಿ ಇಲ್ದ ದೀಪಾನ ಉರದಾವು, ಇಷ್ಟ ದೂರ ಹೋಗಾಕ ಚಿತ್ರಕ್ಕೇನ್ ಧಾಡಿರಿ?”

ಧಾಡಿ ಇದೆ. ಎಚ್‌ಡಿಎಂಐ ಕೇಬಲ್ಲೆಂದರೆ ಹೊಸ ಅಳಿಯನ ಹಾಗೆ. ಹತ್ತಿರದಲ್ಲಿ ಸೊಗಸು, ಹತ್ತು ಹದಿನೈದು ಮೀಟರ್ ದಾಟಿಸಿದರೆ ಮುನಿಸು. ಮೊದಲು ಮಿಣುಕು, ಆಮೇಲೆ ಚುಕ್ಕಿ, ಕೊನೆಗೆ ಪರದೆಯೇ ಕಪ್ಪು. ಅದಕ್ಕೇ ಎಕ್ಸ್‌ಟೆಂಡರ್: ಲ್ಯಾಪ್‌ಟಾಪ್ ಕಡೆ ಟಿಎಕ್ಸ್ ಎಂದು ಬರೆದ ಡಬ್ಬಿ, ಪ್ರೊಜೆಕ್ಟರ್ ಕಡೆ ಆರ್‌ಎಕ್ಸ್, ನಡುವೆ ಕಂಪ್ಯೂಟರ್ ಅಂಗಡಿಯ ಕ್ಯಾಟ್-6 ತಂತಿ. ಒಳ್ಳೆಯ ಜೋಡಿಯಾದರೆ 100 ಮೀಟರ್‌ವರೆಗೂ ಹೋದೀತು. ಅಗ್ಗದ ಡಬ್ಬಿಯ ಮೇಲೆ ಅಚ್ಚಾದ ಮೀಟರುಗಳನ್ನು ನಾನಂತೂ ಚುನಾವಣೆಯ ಭರವಸೆಯ ಲೆಕ್ಕಕ್ಕೇ ಹಿಡಿಯುತ್ತೇನೆ.

ತಂತಿಯೊಳಗೆ ಎಂಟು ಎಳೆ, ಎರಡೆರಡು ಹೊಸೆದು ನಾಲ್ಕು ಜೋಡಿ. ಹಾಗೆ ಹೊಸೆದರೆ ಹೊರಗಿನ ಗದ್ದಲ ಜೋಡಿಯ ಎರಡೂ ಎಳೆಗೆ ಸಮನಾಗಿ ತಾಗಿ ಕಳೆದುಹೋಗುತ್ತದೆ. ಗ್ರಹಾಂ ಬೆಲ್ ಈ ಉಪಾಯಕ್ಕೆ 1881ರಲ್ಲೇ ಪೇಟೆಂಟ್ ಪಡೆದಿದ್ದ. ಜಾಕ್‌ನಲ್ಲಿ ಕೂರಿಸುವ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ದಂಪತಿಯ ನಡುವೆ ನೀಲಿ ದಂಪತಿ ನುಗ್ಗಿದ್ದನ್ನು ಕಂಡು ಸಂಸಾರಸ್ಥರಿಗೆ ಕಸಿವಿಸಿಯಾಗುತ್ತದೆ. ನಮ್ಮ ಹುಡುಗನೊಬ್ಬ ಅದನ್ನು ‘ಸರಿ’ ಮಾಡಿ, ಎರಡೂ ತುದಿಯಲ್ಲಿ ಜೋಡಿಗಳನ್ನು ಒತ್ತೊತ್ತಾಗಿ ಕೂರಿಸಿ ಕ್ರಿಂಪ್ ಮಾಡಿದ. ಟೆಸ್ಟರಿನ ಎಂಟೂ ದೀಪ ಸಾಲಾಗಿ ಹತ್ತಿದವು, ಚಿತ್ರ ಮಾತ್ರ ಬರಲಿಲ್ಲ. ಟೆಸ್ಟರಿಗೆ ಈ ತುದಿಯಿಂದ ಆ ತುದಿಗೆ ಕರೆಂಟ್ ಮುಟ್ಟಿದರೆ ಸಾಕು. ಯಾವ ಎಳೆ ಯಾರೊಂದಿಗೆ ಹೊಸೆದುಕೊಂಡಿದೆ ಎಂಬ ಉಸಾಬರಿ ಅದಕ್ಕಿಲ್ಲ. ಹಸಿರು-ನೀಲಿಗಳ ಜಾಗದಲ್ಲಿ ಹೊಸೆಯದ ಎಳೆಗಳು ಜೊತೆಗೂಡಿ ಗದ್ದಲವೆಲ್ಲ ಒಳಗೆ ಬಂದಿತ್ತು. ತಾಸುಗಟ್ಟಲೆ ಬೈಸಿಕೊಂಡದ್ದು ನಿರಪರಾಧಿ ಪ್ರೊಜೆಕ್ಟರ್.

ಇನ್ನೊಬ್ಬನ ಸಲಹೆ: “ನಡು ವೈಫೈ ಡಬ್ಬಿಗೆ ಚುಚ್ಚಿಬಿಡೋಣು.” ಜಾಕ್ ಒಂದೇ ನಮೂನೆಯದಾದರೂ ಈ ಸಾದಾ ಎಕ್ಸ್‌ಟೆಂಡರಿಗೂ ಇಂಟರ್ನೆಟ್ಟಿಗೂ ಸಂಬಂಧವಿಲ್ಲ, ಡಬ್ಬಿಯಿಂದ ಡಬ್ಬಿಗೆ ನೇರ ತಂತಿಯೇ ಬೇಕು. “ಹಂಗಾರ ರೀಚಾರ್ಜ್ ಬ್ಯಾಡನ್ರಿ?” ಎಂದು ಕೇಳಿದ ಅಜ್ಜನಿಗೆ ಅವತ್ತಿನ ಅರ್ಧ ಸಂತೋಷ ಅಲ್ಲೇ ಸಿಕ್ಕಿತು. ತಂತಿ ಕೊಳ್ಳುವಾಗ ತುದಿ ಕೆರೆದು ನೋಡಬೇಕು. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪದ ಅಲ್ಯೂಮಿನಿಯಂ, ದೂರದ ಪ್ರಯಾಣಕ್ಕೆ ಆಗದು.

ಹುಡುಗ ‘ಸರಿ’ ಮಾಡಿದ್ದ ಎರಡೂ ತುದಿ ಕತ್ತರಿಸಿ, ಮೊದಲಿನ ಕ್ರಮದಲ್ಲೇ ಮತ್ತೆ ಕ್ರಿಂಪ್ ಮಾಡಿದ ಮೇಲೆ ಚಿತ್ರ ಬಂತು. ಮುಗಿದ ಮೇಲೆ ಡಬ್ಬಿ ಬಿಚ್ಚಿಕೊಂಡು ಹೋದರು, ತಂತಿ ಸುತ್ತಲು ಯಾರೂ ಬರಲಿಲ್ಲ. ಮರುದಿನ ನೋಡಿದರೆ ಅದರ ತುಂಬ ಒದ್ದೆ ಅರಿಬಿ. ಎಳೆ ಕಡಿದೀತು ಎಂದರೆ ಅವ್ವ ಇನ್ನೊಂದು ಸೀರೆ ಹರವುತ್ತ, “ನಿನ್ನಿ ಅಷ್ಟ್ ಮಂದೀನ ಹೊತ್ತೈತಿ, ಇದೇನ್ ಭಾರ ತಮ್ಮಾ?” ಅಂದಳು.