ಗಾಳಿಯಲ್ಲೊಂದು ಖಾತೆ-ಕಿರ್ದಿ

ಇದ್ದದ್ದರ ಮೇಲೆ ಇಲ್ಲದ್ದನ್ನು ಕೂರಿಸಿ ತೋರಿಸುವ ವಿದ್ಯೆಗೆ ಆಗ್ಮೆಂಟೆಡ್ ರಿಯಾಲಿಟಿ ಎಂದು ಹೆಸರಿಟ್ಟು ಮಾರುತ್ತಿದ್ದಾರೆ. ಕಾಸರಗೋಡಿನವರಿಗೆ ಇದೇನು ಹೊಸ ಸರಕಲ್ಲ. 1967ರಿಂದ ನಮ್ಮಲ್ಲಿ ಮಹಾಜನ ಆಯೋಗದ ವರದಿ ಇದೆ. ಅದನ್ನು ಕಣ್ಣಿಗೆ ಹಿಡಿದರೆ ಚಂದ್ರಗಿರಿ ಹೊಳೆಯ ಬಡಗು ದಿಕ್ಕೆಲ್ಲ ಕರ್ನಾಟಕ, ಕೆಳಗಿಳಿಸಿದರೆ ಕೇರಳ. ಚಾರ್ಜು ಮಾಡುವ ರಗಳೆಯೂ ಇಲ್ಲ.

ಈಗ ಆ ವಿದ್ಯೆ ಅಕೌಂಟೆನ್ಸಿಗೆ ಕಾಲಿಟ್ಟಿದೆ, ಅದೂ ಕಾಮರ್ಸ್ ಓದದವರಿಗೆ ಕಲಿಸಲಿಕ್ಕೆ. 2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಶುರುವಾದ ಮೇಲೆ ಫಿಸಿಕ್ಸ್ ಹುಡುಗನೂ ಕನ್ನಡ ಬಿ.ಎ. ಹುಡುಗಿಯೂ ಬೇರೆ ವಿಭಾಗದ ಪಾಠ ಕೇಳಲೇಬೇಕಲ್ಲ. ಪಾಪ, ಮಕ್ಕಳಿಗೆ ಲೆಡ್ಜರ್ ಕಂಡರೆ ಭಯ ಎಂದು ಮಾರುವವರಿಗೆ ಕರುಳು ಚುರುಕ್ಕೆನ್ನುತ್ತದೆ. ಲೂಕಾ ಪಾಚೋಲಿ 1494ರಲ್ಲಿ ವೆನಿಸ್ಸಿನಲ್ಲಿ ಜೋಡಿ ನಮೂದಿನ ಕ್ರಮವನ್ನು ಅಚ್ಚು ಹಾಕಿಸಿದ ಮೇಲೆ ಐದು ಶತಮಾನ ಜನ ಕಾಗದದಲ್ಲೇ ಕಲಿತರು. ಗತಿ ಇರಲಿಲ್ಲ.

ಪುಸ್ತಕದ ಚೌಕ ಗುರುತಿಗೆ ಮೊಬೈಲ್ ಹಿಡಿಯಿರಿ, ಬೆಂಚಿನ ಮೇಲೆ ತಕ್ಕಡಿ ಏಳುತ್ತದೆ. ಒಂದು ತಟ್ಟೆಯಲ್ಲಿ ಆಸ್ತಿ, ಇನ್ನೊಂದರಲ್ಲಿ ಸಾಲ ಮತ್ತು ಬಂಡವಾಳ. ಕೈ ಕೊಂಚ ಅಲುಗಿತೋ, ಬಂಡವಾಳ ಹಾರಿ ಪಕ್ಕದವನ ತಲೆಯ ಮೇಲೆ. (ಕೆಲವು ಸಹಕಾರಿ ಬ್ಯಾಂಕುಗಳಲ್ಲಿ ಇದು ಮೊಬೈಲಿಲ್ಲದೆಯೂ ಆಗಿದೆ.) ಮೊಬೈಲ್ ಸಾಲದು, ಕಣ್ಣಿಗೇ ಏರಿಸಬೇಕು ಎನ್ನುವವರಿಗೆ ಮೈಕ್ರೋಸಾಫ್ಟಿನ ಹೋಲೋಲೆನ್ಸ್ ಇತ್ತು. 2016ರಲ್ಲಿ 3,000 ಡಾಲರ್. 2024ರಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಿದರು. ಸವಕಳಿ ಎಂದರೇನೆಂದು ಕಲಿಸಲು ಇಷ್ಟು ಸಾಕು, ಹಾಕಿಕೊಳ್ಳಬೇಕಾಗಿಯೂ ಇಲ್ಲ.

ಬದಿಯಡ್ಕ ಕಡೆಯ ಅಡಿಕೆ ತೋಟದ ಹುಡುಗಿಯೊಬ್ಬಳು ಈ ತರಗತಿಯಲ್ಲಿ ಕೂತಿದ್ದಾಳೆ ಅನ್ನಿ. ಅವಳ ಮನೆಯಂಗಳದಲ್ಲಿ ಚಾಲಿ ಬೇರೆ, ಪಟೋರ ಬೇರೆ, ಕರಿಗೋಟು ಬೇರೆ ರಾಶಿ. ಮೂರಕ್ಕೂ ಮೂರು ದರ. ಅಪ್ಪ ರೇಟು ಏರಲಿ ಎಂದು ಅಟ್ಟದಲ್ಲಿ ಕಟ್ಟಿಟ್ಟ ಗೋಣಿಗಳು ವರ್ಷಾಂತ್ಯದ ದಾಸ್ತಾನು. ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ತಂದದ್ದು ಅಂಗಡಿಯ ಕಡದ ಪುಸ್ತಕದಲ್ಲಿದೆ. ಮದ್ದು ಬಿಡಲು ಮಳೆ ಬಿಡದೆ ಮಹಾಳಿ ಹಿಡಿದರೆ ಮರದಡಿಯಲ್ಲಿ ಉದುರಿ ಬಿದ್ದಿರುವುದು ನಷ್ಟ. ಅದನ್ನು ಹೆಕ್ಕಿದವಳೂ ಅವಳೇ. ಅವಳಿಗೆ ನಾವು ತೋರಿಸಹೊರಟಿರುವುದು ಏನನ್ನು? ಮುಟ್ಟಲಾಗದ ಅಡಿಕೆಯನ್ನು, ಮೂರು ಆಯಾಮದಲ್ಲಿ.

ಅವಳಿಗೆ ಬೇಕಾದದ್ದು, 'ಮಗಾ, ನಿಮ್ಮ ಅಟ್ಟದಲ್ಲಿರುವುದೇ ಈ ಪಾಠ' ಎಂದು ಕನ್ನಡದಲ್ಲಿ ಹೇಳುವ ಒಬ್ಬರು. ಅದು ತಂತ್ರಜ್ಞಾನಕ್ಕೆ ನಿಲುಕದ ಬೇಡಿಕೆ. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಕಳಿಸುವುದು, ಮಕ್ಕಳೂ ಹೆತ್ತವರೂ ಗೇಟಿನ ಮುಂದೆ ಕೂರುವುದು ಈ ಜಿಲ್ಲೆ ಮತ್ತೆ ಮತ್ತೆ ಕಂಡ ನೋಟ. ಮೇಷ್ಟ್ರು ಎದುರಿಗೆ ಕಾಣುತ್ತಾರೆ, ಬಾಯಿ ಆಡುತ್ತದೆ, ಬೋರ್ಡಿನಲ್ಲಿ ಅಕ್ಷರವೂ ಮೂಡುತ್ತದೆ. ಪಾಠ ಮಾತ್ರ ಡೌನ್‌ಲೋಡ್ ಆಗುವುದಿಲ್ಲ.

ಇನ್ನು ಲೆಕ್ಕ ಬರೆಯುವುದು. ಉಪಕರಣ ಕೊಂಡರೆ ಸುಲಭ: ಒಳಗೆ ಬಂದದ್ದು ಡೆಬಿಟ್, ಹೊರಗೆ ಹೋದದ್ದು ಕ್ರೆಡಿಟ್. ಭಾಷೆ ಬಾರದ ಮೇಷ್ಟ್ರ ಸಂಬಳವನ್ನು ಯಾವುದರಲ್ಲಿ ತೋರಿಸುವುದು, ಖರ್ಚಿನಲ್ಲೋ ನಷ್ಟದಲ್ಲೋ ಎಂದು ಗುಮಾಸ್ತರು ತಲೆ ಕೆಡಿಸಿಕೊಳ್ಳಬೇಕಿಲ್ಲ. ನಿಯಮ ಉದಾರವಾಗಿದೆ, ಎರಡೂ ಡೆಬಿಟ್ ಬದಿಗೇ.