ಮಳೆ ಮೇಷ್ಟ್ರನ್ನು ಏನು ಕೇಳಬೇಕು

ಊರಿಗೊಬ್ಬ ಜ್ಯೋತಿಷಿ, ಬೀದಿಗೊಬ್ಬ ರಾಜಕೀಯ ಪಂಡಿತ ಇರುವುದು ಹಳೆಯ ಏರ್ಪಾಡು. ಈಚೆಗೆ ನಂಜನಗೂಡಿಗೊಬ್ಬರು, ತಿ. ನರಸೀಪುರಕ್ಕೊಬ್ಬರು ಮಳೆ ಮೇಷ್ಟ್ರೂ ಸೇರಿಕೊಂಡಿದ್ದಾರೆ. ಇವರು ಶಾಲೆಯಲ್ಲಿ ಪಾಠ ಹೇಳಿದವರೇ ಆಗಬೇಕೆಂದೇನಿಲ್ಲ. ಔಷಧಿ ಅಂಗಡಿಯವರು, ಬ್ಯಾಂಕಿನಿಂದ ನಿವೃತ್ತರಾದವರು, ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮುಗಿಸಿ ಬಂದವರು, ಯಾರೂ ಆಗಬಹುದು. ಗುರುತು ಹಿಡಿಯುವುದು ಸುಲಭ: ಮೋಡ ಕವಿದಾಗ ಊರೆಲ್ಲ ತಲೆ ಎತ್ತಿದರೆ ಇವರೊಬ್ಬರು ತಲೆ ತಗ್ಗಿಸಿ ಮೊಬೈಲ್ ನೋಡುತ್ತಾರೆ. ಟೀ ಅಂಗಡಿಯಲ್ಲಿ ಕೂತು, “ಯೂರೋಪು ಬಂದೇ ಬರುತ್ತೆ ಅಂತಿದೆ, ಅಮೆರಿಕ ಒಪ್ತಿಲ್ಲ, ಜರ್ಮನಿ ಎರಡು ದಿನದಿಂದ ಮಾತು ಬದಲಾಯಿಸ್ತಿದೆ” ಎಂದು ಚಿಂತೆಯಿಂದ ಹೇಳುತ್ತಾರೆ. ಪಕ್ಕದಲ್ಲಿ ಕೂತವರು ಗಾಬರಿಯಾಗಿ, “ಹಂಗಾದ್ರೆ ಪೆಟ್ರೋಲ್ ರೇಟು ಮತ್ತೆ ಏರುತ್ತಾ ಸಾರ್?” ಎಂದು ಕೇಳಿದರೆ ತಪ್ಪು ಅವರದ್ದಲ್ಲ.

ಇವರ ದಿನ ಓಡುವುದು ಗ್ರೀನ್‌ವಿಚ್ ಗಡಿಯಾರದ ಮೇಲೆ. ಅಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಇಲ್ಲಿ ಸಂಜೆ ಐದೂವರೆ. ಆ ಹೊತ್ತಿನ ಗಾಳಿ, ಒತ್ತಡ, ತೇವಾಂಶವನ್ನೆಲ್ಲ ಲೋಕದ ಮೂಲೆಮೂಲೆಯಿಂದ ಕಲೆಹಾಕಿಕೊಂಡು ದೊಡ್ಡ ಕಂಪ್ಯೂಟರುಗಳು ಲೆಕ್ಕಕ್ಕೆ ಕೂರುತ್ತವೆ. ಅಮೆರಿಕದ ಜಿಎಫ್‌ಎಸ್ ಎಂಬ ಮಾಡೆಲಿನ ಲೆಕ್ಕ ನಮ್ಮ ರಾತ್ರಿ ಊಟದ ಹೊತ್ತಿಗೆ ಬರತೊಡಗುತ್ತದೆ. ಯೂರೋಪಿನ ಮುನ್ಸೂಚನಾ ಕೇಂದ್ರ ಇಸಿಎಂಡಬ್ಲ್ಯುಎಫ್‌ನದು ನಡುರಾತ್ರಿಯ ಆಸುಪಾಸಿಗೆ. “ರೀ, ಮಲಗ್ರೀ, ಅದು ಬೆಳಿಗ್ಗೆಗೂ ಅಲ್ಲೇ ಇರುತ್ತೆ” ಎಂದು ಮನೆಯಾಕೆ ಹೇಳಿದರೆ, “ಬೆಳಿಗ್ಗೆಗೆ ಅದು ಹಳೇದಾಗಿರುತ್ತೆ ಕಣೇ” ಎನ್ನುತ್ತಾರೆ. ಈ ಚಟಕ್ಕೆ ಖರ್ಚೂ ಇಲ್ಲ ಎಂಬುದೇ ಮನೆಯವರ ದುರದೃಷ್ಟ. ಜಿಎಫ್‌ಎಸ್ ಮೊದಲಿನಿಂದಲೂ ಧರ್ಮಕ್ಕೇ ಸಿಗುತ್ತಿತ್ತು. ದುಡ್ಡು ಕೇಳುತ್ತಿದ್ದ ಯೂರೋಪಿನವರು 2022ರಲ್ಲಿ ಬಾಗಿಲು ಸ್ವಲ್ಪ ತೆರೆದು, 2025ರ ಅಕ್ಟೋಬರ್ 1ರಿಂದ ತಮ್ಮ ಮುನ್ಸೂಚನೆಯ ಪೂರ್ತಿ ಪಟ್ಟಿಯನ್ನೇ ಮುಕ್ತ ಪರವಾನಗಿಗೆ ಒಳಪಡಿಸಿದರು. ಅಂಕಿಗಳನ್ನು ಬಣ್ಣದ ನಕ್ಷೆ ಮಾಡಿ ತೋರಿಸುವುದಕ್ಕೆ ಜೆಕ್ ದೇಶದ ವಿಂಡಿ, ವೆಂಟಸ್ಕಿಗಳಿವೆ, ಸ್ವಿಟ್ಜರ್ಲೆಂಡಿನ ಮೀಟಿಯೋಬ್ಲೂ ಇದೆ, ಚಂಡಮಾರುತದ ಕಾಲಕ್ಕೆ ಟ್ರಾಪಿಕಲ್ ಟಿಡ್‌ಬಿಟ್ಸ್ ಇದೆ. ಸ್ವದೇಶಾಭಿಮಾನ ಉಕ್ಕಿದ ದಿನ ಹವಾಮಾನ ಇಲಾಖೆಯ ‘ಮೌಸಮ್’ ತೆರೆಯುತ್ತಾರೆ. ಪುಣೆಯ ಐಐಟಿಎಂ ಕಟ್ಟಿದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ 2025ರ ಮೇ ತಿಂಗಳಲ್ಲಿ ಬಂದಾಗಿನಿಂದ, ಅದು ಆಕಾಶವನ್ನು ಹಂಚಿಕೊಂಡು ಲೆಕ್ಕ ಹಾಕುವ ಚೌಕ ಬರೀ 6 ಕಿಲೋಮೀಟರಿನದು ಎಂಬ ಸುದ್ದಿಯನ್ನು ತಮ್ಮ ಮಗನಿಗೆ ರ‍್ಯಾಂಕ್ ಬಂದಷ್ಟು ಸಂತೋಷದಿಂದ ಹೇಳುತ್ತಾರೆ.

ಊರು ಇವರನ್ನು ನೋಡಿ ನಗುವುದಕ್ಕೆ ಒಂದೇ ಕಾರಣ. “ಸಂಜೆ ಆರತಕ್ಷತೆ ಇದೆ, ಮಳೆ ಬರುತ್ತಾ ಮೇಷ್ಟ್ರೇ?” ಎಂದು ಕೇಳಿದರೆ ಹತ್ತು ನಿಮಿಷ ಮಾತಾಡಿ, ಬರಬಹುದು, ಬರದೆಯೂ ಇರಬಹುದು ಎಂಬಲ್ಲಿಗೆ ತಂದು ನಿಲ್ಲಿಸುತ್ತಾರೆ. ಅಷ್ಟು ಹೇಳಲು ಮೊಬೈಲ್ ಏಕೆ ಎಂಬುದು ಊರಿನ ವಾದ. ಊರು ನಗುತ್ತಿರುವುದು ಸರಿಯಾದ ಮನುಷ್ಯನನ್ನು ನೋಡಿಯೇ, ಆದರೆ ತಪ್ಪು ಕಾರಣಕ್ಕೆ ಎಂದು ನನ್ನ ಎಣಿಕೆ. ಏಪ್ರಿಲ್–ಮೇ ತಿಂಗಳಲ್ಲಿ, ಅಶ್ವಿನಿ–ಭರಣಿಯ ಹೊತ್ತಿಗೆ, ನಮ್ಮ ಕಡೆ ಬೀಳುವುದು ಗುಡುಗಿನ ಮಳೆ. ನೆಲ ಕಾದು ಮೇಲೆದ್ದ ಗಾಳಿ ಮಧ್ಯಾಹ್ನದ ಮೇಲೆ ಎಲ್ಲೋ ಒಂದು ಕಡೆ ಮೋಡವಾಗಿ, ಒಂದು ಗಂಟೆ ಆರ್ಭಟಿಸಿ ಮುಗಿಯುತ್ತದೆ. ಅದರ ಅಗಲ ಕೆಲವೇ ಕಿಲೋಮೀಟರು. ಜಿಎಫ್‌ಎಸ್ ಆಕಾಶವನ್ನು ನೋಡುವುದು ಸುಮಾರು 13 ಕಿಲೋಮೀಟರಿನ ಚೌಕಗಳಲ್ಲಿ, ಯೂರೋಪಿನದು 9ರಲ್ಲಿ. ನಕ್ಷೆಗೆ ಬರುವಾಗ ಎಷ್ಟೋ ಕಡೆ ಅದನ್ನೂ ಹಿಗ್ಗಿಸಿ 25 ಕಿಲೋಮೀಟರಿನ ಚೌಕ ಮಾಡಿರುತ್ತಾರೆ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹಕ್ಕಿ ಹಾರಿದರೂ ಹೆಚ್ಚೂಕಮ್ಮಿ ಅಷ್ಟೇ ದೂರ. ಇಂಥ ಚೌಕಕ್ಕೆ, ದೇವಸ್ಥಾನದ ಬೀದಿಯ ಛತ್ರದ ಮೇಲೆ ಹುಯ್ಯುತ್ತೋ ರೈಲ್ವೆ ಸ್ಟೇಷನ್ ಕಡೆ ಹುಯ್ಯುತ್ತೋ ಎಂದು ಕೇಳುವುದೇ ಅನ್ಯಾಯ. ‘ಬರಬಹುದು, ಬರದೆಯೂ ಇರಬಹುದು’ ಎನ್ನುವುದು ಆ ಪ್ರಶ್ನೆಗಿರುವ ಅತ್ಯಂತ ಪ್ರಾಮಾಣಿಕ ಉತ್ತರ.

ಅದೇ ಮೇಷ್ಟ್ರನ್ನು ಜುಲೈ ತಿಂಗಳಲ್ಲಿ ಬೇರೆ ಪ್ರಶ್ನೆ ಕೇಳಿ ನೋಡಿ. ನಂಜನಗೂಡಿಗೆ ಪ್ರವಾಹ ನಂಜನಗೂಡಿನ ಮೋಡದಿಂದ ಬರುವುದಿಲ್ಲ. ಹೊಳೆಯಂಚಿನ ಹದಿನಾರು ಕಾಲು ಮಂಟಪ ಮುಳುಗುವ ದಿನ ಇಲ್ಲಿ ಬಿಸಿಲೂ ಕಾಯುತ್ತಿರಬಹುದು. ಆ ನೀರು ಬಿದ್ದದ್ದು ಕೇರಳದ ವಯನಾಡಿನಲ್ಲಿ. ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿರುವ ಕಬಿನಿ ಜಲಾಶಯ ಹಿಡಿಯುವುದು 19.52 ಟಿಎಂಸಿ ಮಾತ್ರ. ಕೆಆರ್‌ಎಸ್‌ನ ಅರ್ಧಕ್ಕಿಂತ ಕಡಿಮೆ. ಅದು ಬೇಗ ತುಂಬುತ್ತದೆ, 2,284 ಅಡಿ ಮುಟ್ಟಿದ ಮೇಲೆ ಬಂದದ್ದನ್ನೆಲ್ಲ ಕೆಳಕ್ಕೆ ಬಿಡದೆ ವಿಧಿಯಿಲ್ಲ. 2018, 2019, 2024ರಲ್ಲಿ ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆಯ ಮೇಲೇ ಕಪಿಲೆ, ಅಂದರೆ ಇದೇ ಕಬಿನಿ ಹೊಳೆ, ಹರಿದದ್ದು ಹೀಗೆ. ವಯನಾಡಿನ ಘಟ್ಟಕ್ಕೆ ಮಳೆ ತರುವುದು ಸಂಜೆಯ ಪುಂಡು ಮೋಡವಲ್ಲ, ಅರಬ್ಬೀ ಸಮುದ್ರದಿಂದ ಬೀಸುವ ಮುಂಗಾರು ಗಾಳಿ. ನೂರಾರು ಕಿಲೋಮೀಟರು ಹರವಿನದು, ದಿನಗಟ್ಟಲೆ ಬೀಸುವಂಥದು. ದೊಡ್ಡ ಚೌಕದ ಕಣ್ಣಿಗೂ ಅದು ತಪ್ಪಿಸಿಕೊಳ್ಳಲಾರದು. ಮೂರು ದಿನ ಮುಂಚೆ ಯೂರೋಪು, ಅಮೆರಿಕ, ಜರ್ಮನಿಯ ಐಕಾನ್ ಮೂರೂ ಒಂದೇ ಮಾತು ಹೇಳಿದರೆ, ಹೊಳೆಯಂಚಿನ ರಸಬಾಳೆ ತೋಟದವರು ಪಂಪ್‌ಸೆಟ್ ಮೇಲಕ್ಕೆ ಸಾಗಿಸುವುದು ಜಾಣತನ. ಘಟ್ಟದ ಮಳೆಯ ಪ್ರಮಾಣವನ್ನು ಮಾಡೆಲುಗಳು ತಪ್ಪು ಅಂದಾಜು ಮಾಡುವುದುಂಟು, ನಿಜ. ಅದಕ್ಕೇ ಒಳ್ಳೆಯ ಮೇಷ್ಟ್ರು ನಕ್ಷೆಯ ಜೊತೆಗೆ ಜಲಾಶಯದ ಒಳಹರಿವಿನ ಕ್ಯೂಸೆಕ್ಕನ್ನೂ ನೋಡುತ್ತಾರೆ.

ಕಪಿಲೆ ಕಾವೇರಿಯನ್ನು ಸೇರುವ ನರಸೀಪುರದವರ ಪಾಡು ಇನ್ನೂ ತೊಡಕಿನದು. ಕಪಿಲೆಗಾಗಿ ವಯನಾಡು, ಕಾವೇರಿಗಾಗಿ ಕೊಡಗು, ಎರಡನ್ನೂ ಕಾಯಬೇಕು. ಭತ್ತ ಕೊಯ್ಲಿಗೆ ಬಂದಾಗ ಬಂಗಾಳ ಕೊಲ್ಲಿಯನ್ನೂ ಕಾಯಬೇಕು. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ ಬಾಲ ಮೈಸೂರು ಸೀಮೆಯನ್ನೂ ನೆನೆಸಿತ್ತು. ತ್ರಿವೇಣಿ ಸಂಗಮದ ಊರಿನ ಮೇಷ್ಟ್ರು ನಂಜನಗೂಡಿನವರನ್ನು ಕಂಡರೆ, “ನಿಮಗೇನು ಬುದ್ಧಿ, ಒಂದೇ ಹೊಳೆ” ಎಂದು ನಿಟ್ಟುಸಿರಿಡುವುದು ಸಹಜವೇ.

ಹಿರಿಯರು ಕೇಳುತ್ತಾರೆ: ಒಂಟಿಕೊಪ್ಪಲ್ ಪಂಚಾಂಗದಲ್ಲಿ ಮಳೆ ನಕ್ಷತ್ರ ಇರುವಾಗ ಇದೆಲ್ಲ ಯಾಕೆ? ಪಂಚಾಂಗದ ಮೇಲೆ ನನಗೆ ಗೌರವವಿದೆ. ಆರಿದ್ರೆ ಯಾವಾಗ, ಮಘೆ ಯಾವಾಗ ಎಂಬ ಲೆಕ್ಕಕ್ಕೆ ಕಟ್ಟಿದ ಗಾದೆಗಳ ಹಿಂದೆ ತಲೆಮಾರುಗಳ ನೋಟವಿದೆ. ಯೂರೋಪಿನವರು 2025ರ ಫೆಬ್ರವರಿಯಿಂದ ಬಳಕೆಗೆ ತಂದ ಎಐ ಮಾಡೆಲ್ ಕೂಡ ದಶಕಗಳ ಹಳೆಯ ಆಕಾಶ ನೋಡಿಯೇ ಮುಂದಿನದನ್ನು ಊಹಿಸಲು ಕಲಿತದ್ದು. ಆದರೆ ಪಂಚಾಂಗವನ್ನು ತಪ್ಪು ಎಂದು ಹಿಡಿಯುವುದಕ್ಕೇ ಆಗುವುದಿಲ್ಲ. ಮಳೆ ಇಲ್ಲಿ ಬರದಿದ್ದರೆ ಇನ್ನೆಲ್ಲೋ ಬಂದಿರುತ್ತದೆ. ಮಾಡೆಲ್ ದಿನ, ಜಾಗ, ಮಿಲಿಮೀಟರು ಮೂರನ್ನೂ ಬರೆದುಕೊಟ್ಟು ತಲೆ ಒಡ್ಡುತ್ತದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲೂ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ಕೆಎಸ್‌ಎನ್‌ಡಿಎಂಸಿ ಮಳೆಮಾಪಕ ಇಟ್ಟಿರುವುದರಿಂದ ಮರುದಿನವೇ ತಾಳೆ ನೋಡಬಹುದು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಮಾಡೆಲುಗಳೇ ಜಗಳ ಆಡಿದರೆ ಯಾರನ್ನು ನಂಬುವುದು? ಆ ಜಗಳವೇ ಸುದ್ದಿ ಎಂದು ತಿಳಿಯಬೇಕು. ಯೂರೋಪಿನವರು ಆರಂಭದ ಅಂಕಿಗಳನ್ನು ಚೂರು ಚೂರು ಬದಲಿಸಿ ಒಂದೇ ಮುನ್ಸೂಚನೆಯನ್ನು 51 ಸಲ ಲೆಕ್ಕ ಹಾಕುವುದು ಇದಕ್ಕೇ. 51ರಲ್ಲಿ 45 ಮಳೆ ಎಂದರೆ ಒಂದು ಮಾತು, 20 ಎಂದರೆ ಬೇರೆ ಮಾತು.

ಮೇಷ್ಟ್ರು ನಿಜಕ್ಕೂ ನಗೆಪಾಟಲಾಗುವುದು ಇಲ್ಲೇ. ಹೋಲಿಸುವುದಕ್ಕೆಂದು ಹೊರಟವರು ಕ್ರಮೇಣ ಒಂದು ಪಾರ್ಟಿ ಸೇರಿಬಿಡುತ್ತಾರೆ. ತಮ್ಮ ಮಾಡೆಲ್ ಗೆದ್ದ ದಿನ ಸ್ಟೇಟಸ್ ಹಾಕುತ್ತಾರೆ, ಸೋತ ದಿನ ಮೋಡದ ಮೇಲೆ ತಪ್ಪು ಹೊರಿಸುತ್ತಾರೆ. ಜಿಎಫ್‌ಎಸ್ 16 ದಿನ ಮುಂದಕ್ಕೆ ಲೆಕ್ಕ ಹಾಕುತ್ತದೆ. ಕೊನೆಯ ದಿನಗಳಲ್ಲಿ ಇಲ್ಲದ ಚಂಡಮಾರುತವನ್ನು ಕೊಲ್ಲಿಯಲ್ಲಿ ಹುಟ್ಟಿಸುವುದು ಅದರ ಹಳೆಯ ಚಾಳಿ. ಆ ನೇರಳೆ ಬಣ್ಣದ ಸುಳಿಯನ್ನು ಫೋಟೋ ಹಿಡಿದು ‘ಎಚ್ಚರ!’ ಎಂದು ವಾಟ್ಸಾಪಿನಲ್ಲಿ ಬಿಟ್ಟರೆ, ಮಧ್ಯಾಹ್ನದ ಹೊತ್ತಿಗೆ ಅದು ಇಲಾಖೆಯ ಆದೇಶವಾಗಿ ತಿರುಗಿ ಬರುತ್ತದೆ. ಇಲಾಖೆ ಇರುವಾಗ ಇವರೇಕೆ ಎಂದು ಕೇಳುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ನನ್ನ ಮಟ್ಟಿಗೆ, ಎಚ್ಚರಿಕೆ ಕೊಡುವ ಹಕ್ಕು ಇಲಾಖೆಯದು. ಆ ಎಚ್ಚರಿಕೆಯನ್ನು ಊರಿನ ಭಾಷೆಯಲ್ಲಿ ಬಿಡಿಸಿ ಹೇಳುವ ಕೆಲಸ ಮೇಷ್ಟ್ರದ್ದು. ಮಳೆ ಅಳೆಯುವುದೂ ಅವರಿಗೆ ಒಪ್ಪುವ ಕೆಲಸವೇ: ವಯನಾಡಿನಲ್ಲೇ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಸ್ಥಳೀಯರನ್ನು ಸೇರಿಸಿಕೊಂಡು ಮಳೆಮಾಪಕಗಳ ಜಾಲ ನಡೆಸುತ್ತಿದೆ. ಹವ್ಯಾಸ ಉಪಯೋಗಕ್ಕೆ ಬರುವುದು ಹಾಗೆ ಅಳೆದು ಬರೆದಿಟ್ಟಾಗ.

ಹಾಗಾಗಿ ಓದುಗರಲ್ಲಿ ಇಷ್ಟೇ ಕೋರಿಕೆ. ಆರತಕ್ಷತೆಗೆ ಶಾಮಿಯಾನ ಹಾಕಿಸುವುದಾದರೆ ಮೇಷ್ಟ್ರನ್ನು ಕೇಳಬೇಡಿ, ಸುಮ್ಮನೆ ಹಾಕಿಸಿ. ಜುಲೈನಲ್ಲಿ ಹೊಳೆಯಂಚಿನಲ್ಲಿ ಮನೆಯೋ ತೋಟವೋ ಇದ್ದರೆ ತಪ್ಪದೆ ಕೇಳಿ, ಕೇಳಿದ್ದನ್ನು ಇಲಾಖೆಯ ಮಾತಿನ ಜೊತೆ ತಾಳೆ ನೋಡಿ. ಹತ್ತು ದಿನದಾಚೆಯ ಚಂಡಮಾರುತ ತೋರಿಸಲು ಬಂದರೆ ಮಾತ್ರ ಒಂದು ಟೀ ಕುಡಿಸಿ, ಮೊಬೈಲ್ ಜೇಬಿಗಿಡಿಸಿ ಕಳಿಸಿ.