ಹೇಮಾವತಿಯ ತವರಿನಲ್ಲಿ ವಾಲಿಬಾಲು

ಹೇಮಾವತಿಯು ಜಾವಳಿಯಲ್ಲಿ ಉದ್ಭವಿಸುವಳೆಂಬುದು ಭೂಗೋಳದ ಸಂಗತಿ. ಆದರೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಆಕೆ ನಮ್ಮೂರ ಕಾಲೇಜು ಹುಡುಗರ ವಾಲಿಬಾಲ್ ಅಂಕಣದಲ್ಲಿಯೇ ವಿಶ್ರಮಿಸುವಳೆಂಬುದು, ತಂಡದ ಹಿತೈಷಿಯೆಂಬ ಅವೈತನಿಕ ಪದವಿಯನ್ನು ಹೊತ್ತ ನನ್ನ ಸ್ವಾನುಭವ. 1895ರಲ್ಲಿ ಅಮೆರಿಕದ ವಿಲಿಯಂ ಮಾರ್ಗನ್ ಮಹಾಶಯನು ಈ ಕ್ರೀಡೆಯನ್ನು ಸೂರಿನಡಿ ಆಡಲೆಂದೇ ಸೃಷ್ಟಿಸಿದನು. ಆತನ ದೂರದೃಷ್ಟಿಯ ಮಹಿಮೆ ತಿಳಿಯಬೇಕಾದರೆ ಮಲೆನಾಡಿನ ಮಳೆಯಲ್ಲಿ ನಿಂತು ನೋಡಬೇಕು.

ಪುರುಷರ ಬಲೆಯು 2.43 ಮೀಟರ್ ಎತ್ತರವಿರತಕ್ಕದ್ದೆಂದು ನಿಯಮ. ಸಿಲ್ವರ್ ಓಕ್ ಮರಗಳಿಗೆ ಕಟ್ಟಿದ ನಮ್ಮ ಬಲೆಯಾದರೋ, ನೆನೆದು ಜೋತುಬಿದ್ದು, ವಾಮನಮೂರ್ತಿಯಾದ ನನಗೂ ಸ್ಮ್ಯಾಶ್ ಹೊಡೆಯುವ ದುರಾಸೆಯನ್ನು ಹುಟ್ಟಿಸುವಷ್ಟು ವಿನಯಶಾಲಿ. ಚೆಂಡು ಕಾಫಿ ತೋಟಕ್ಕೆ ಹಾರಿದರೆ, ಅದನ್ನು ತರಲು ಹೋದವನು ಇಂಬಳಗಳ ಸಮೇತ ಮರಳಿ, ಅವುಗಳಿಗೆ ಸುಣ್ಣ ತಾಗಿಸಿ ಬಿಡಿಸಿಕೊಳ್ಳುವವರೆಗೆ ಆಟಕ್ಕೆ ವಿರಾಮ.

ಈ ಸಲ ಕುವೆಂಪು ವಿಶ್ವವಿದ್ಯಾಲಯದ ಅಂತರ ಕಾಲೇಜು ಪ್ರಶಸ್ತಿಯನ್ನು ತಂದೇ ತೀರುವೆವೆಂದು ನಾಯಕನು ಚಹದಂಗಡಿಯಲ್ಲಿ ಭೀಷ್ಮಪ್ರತಿಜ್ಞೆಗೈದಾಗ, ಅಂಗಡಿಯವರು ತಲೆಯೆತ್ತದೆ, “ಮೊದ್ಲು ಹಳೇ ಬಾಕಿ ತೀರ್ಸು ಮಾರಾಯ” ಎಂದರು. ಅಂತೂ ಮಳೆ ಬಿಟ್ಟು ಅಂಕಣ ಒಣಗಿತು. ಅಷ್ಟರಲ್ಲಿ ಕಾಫಿ ಕೊಯ್ಲು ಬಂದು, ನಮ್ಮ ಏಕಮಾತ್ರ ಸೆಟರ್‌ನನ್ನು ಅವನ ತಂದೆಯವರು ಕಣದಲ್ಲಿ ಹಣ್ಣು ಹರವಲು ಕರೆದೊಯ್ದರು.